ಕಡಲಿಲ್ಲದ ನಾಡಿನ ಕಡಲ ಕಸ

2021ರ ನವೆಂಬರ್ ತಿಂಗಳಲ್ಲಿ ನಮ್ಮೂರ ಕೆರೆ ಕೋಡಿ ಹರಿಯಿತು. ಕೆರೆ ಕೋಡಿ ಹರಿಯುವುದೆಂದರೆ ಏನೆಂಬುದನ್ನು ಗೌರಿಬಿದನೂರು ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಸಾವಿರ ಅಡಿ ಕೊರೆದರೂ ಬರೀ ಧೂಳು ಮೇಲೇಳುವ ಈ ನಾಡಿನಲ್ಲಿ ಅದು ಎಷ್ಟೋ ವರ್ಷಗಳಿಗೊಮ್ಮೆ ಬರುವ ಹಬ್ಬ. ಹೆಂಗಸರು ಅರಿಶಿನ ಕುಂಕುಮ ಹಿಡಿದು ಏರಿಯ ಮೇಲೆ ನಿಂತಿದ್ದರು. ಹಿರಿಯರು ಗಂಗಮ್ಮನಿಗೆ ತೆಂಗಿನಕಾಯಿ ಒಡೆಯಲು ಕಾದಿದ್ದರು. ಕೋಡಿಯ ಕಲ್ಲಿನ ಮೇಲೆ ನೀರು ಇಣುಕಿತು. ಆದರೆ ಆ ನೀರಿಗಿಂತ ಒಂದು ಗೇಣು ಮುಂದೆ ತೇಲಿ ಬಂದದ್ದು ಥರ್ಮಾಕೋಲ್ ತಟ್ಟೆಗಳು, ಗುಟ್ಕಾ ಚೀಟಿಗಳು, ಅರ್ಧ ನೀರು ತುಂಬಿದ ಬಾಟಲಿಗಳು ಮತ್ತು ಲೆಕ್ಕವಿಲ್ಲದಷ್ಟು ಕವರುಗಳು. ಎಷ್ಟೋ ವರ್ಷ ಒಣಗಿ ಬಿದ್ದಿದ್ದ ಕೆರೆಯ ಅಂಗಳಕ್ಕೆ ಊರವರೆಲ್ಲ ಸೇರಿ ಸುರಿದದ್ದೆಲ್ಲವೂ ಒಂದೇ ಸಲಕ್ಕೆ ಹೊರಟು ನಿಂತಿತ್ತು. ಮಡಿಯುಟ್ಟು ಬಂದಿದ್ದ ಅಜ್ಜಿಯೊಬ್ಬರು ಆರತಿ ತಟ್ಟೆಯನ್ನು ಹಾಗೆಯೇ ಕೈಯಲ್ಲಿ ಹಿಡಿದು, ಆ ಮೆರವಣಿಗೆ ಮುಗಿಯುವವರೆಗೂ ಸುಮ್ಮನೆ ಕಾದರು.

ಪಕ್ಕದಲ್ಲಿ ನಿಂತಿದ್ದ ವೃದ್ಧ ನೀರುಗಂಟಿಯವರು ನನ್ನ ಮುಖ ನೋಡಿ, "ಹೋಯಿತು ಬಿಡಿ ಸ್ವಾಮಿ, ಊರಿನ ಪೀಡೆ ತೊಲಗಿತು" ಎಂದರು. ಆ ಮಾತು ಅಂದಿನಿಂದ ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ತೊಲಗಿ ಅದು ಹೋದದ್ದಾದರೂ ಎಲ್ಲಿಗೆ?

ನಮ್ಮ ವಿದ್ಯಾರ್ಥಿಗಳು ಭೂಪಟವನ್ನು ಹರಡಿಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕಬೇಕೆಂಬುದು ನನ್ನ ಆಸೆ. ಗೌರಿಬಿದನೂರಿನಿಂದ ನೇರವಾಗಿ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಸಮುದ್ರವು ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರ್ ದೂರ. ನಾವು ಎರಡು ಕಡಲುಗಳ ನಟ್ಟನಡುವೆ ಕುಳಿತವರು. ನಮ್ಮಲ್ಲಿ ಅನೇಕರು ಕಡಲನ್ನು ಕಣ್ಣಾರೆ ಕಂಡಿರುವುದಿಲ್ಲ. ಆದರೆ ನಂದಿಬೆಟ್ಟ ಮತ್ತು ಅದರ ಆಸುಪಾಸಿನ ಗಿರಿಸಾಲನ್ನು ಪಂಚನದಿಗಳ ತವರು ಎಂದು ಕರೆಯುತ್ತಾ ಬಂದವರೂ ನಾವೇ. ಉತ್ತರ ಪಿನಾಕಿನಿ ಗೌರಿಬಿದನೂರನ್ನು ದಾಟಿ, ವಿದುರಾಶ್ವತ್ಥದ ಪಕ್ಕದಲ್ಲೇ ಸಾಗಿ, ಹಿಂದೂಪುರದ ಕಡೆ ಇಳಿಯುತ್ತದೆ. ಅನಂತಪುರ, ಕಡಪ ಸೀಮೆಗಳನ್ನು ಸುತ್ತಿ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುವಾಗ ಅದರ ಹೆಸರು ಪೆನ್ನಾ, ನಡೆದ ದಾರಿ 597 ಕಿಲೋಮೀಟರ್. ಚಿತ್ರಾವತಿ ಮತ್ತು ಪಾಪಾಗ್ನಿಗಳು ಆಂಧ್ರದಲ್ಲಿ ಅದನ್ನೇ ಕೂಡಿಕೊಳ್ಳುತ್ತವೆ. ದಕ್ಷಿಣ ಪಿನಾಕಿನಿ ತಮಿಳುನಾಡನ್ನು ಹಾದು ಕಡಲೂರಿನ ಬಳಿ ಸಮುದ್ರ ಮುಟ್ಟುತ್ತದೆ. ಪಾಲಾರ್ ಸೇರುವುದೂ ಅದೇ ಕಡಲನ್ನು. ಅರ್ಕಾವತಿಯು ಕಾವೇರಿಯ ಕೈಹಿಡಿದು ಅಲ್ಲಿಗೇ ಹೋಗುತ್ತದೆ. ಈ ಬೆಟ್ಟದ ಯಾವ ಇಳಿಜಾರಿನಲ್ಲಿ ಕವರು ಹಾರಿದರೂ ಅದರ ಮುಂದಿರುವ ಹಾದಿ ಬಂಗಾಳ ಕೊಲ್ಲಿಯದು.

ಆ ನವೆಂಬರಿನಲ್ಲಿಯೇ ಪೆನ್ನಾ ನದಿ ಉಕ್ಕಿ, ನೆಲ್ಲೂರು ಜಿಲ್ಲೆಯಲ್ಲಿ ಹೆದ್ದಾರಿಯೂ ರೈಲುಮಾರ್ಗವೂ ಕಡಿದುಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಆ ಪ್ರವಾಹದ ನೀರಿನಲ್ಲಿ ನಮ್ಮ ಪಾಲು ಅಲ್ಪವೇ ಇರಬಹುದು, ಆದರೂ ಇತ್ತು. ನೆಲ್ಲೂರಿನ ಕರಾವಳಿಯ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ನಮ್ಮೂರ ಅಂಗಡಿಯ ಕವರು ಅವುಗಳ ದಡವನ್ನು ತಲುಪಲು ಒಂದು ಒಳ್ಳೆಯ ಮಳೆಗಾಲ ಸಾಕು.

ಆದರೂ, ಓದುಗ ಮಿತ್ರರೇ, ಇಲ್ಲಿಗೇ ನಿಲ್ಲಿಸಿ "ನಮ್ಮ ಕಸ ಕಡಲನ್ನು ಕೊಲ್ಲುತ್ತಿದೆ" ಎಂದು ಬರೆದುಬಿಟ್ಟರೆ ಅದು ಅರ್ಧ ಸತ್ಯವಾಗುತ್ತದೆ. ಕಡಲಿನ ಪ್ಲಾಸ್ಟಿಕ್ಕನ್ನು ಲೆಕ್ಕ ಹಾಕಿದವರು ನಮ್ಮನ್ನು ಆ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. 2015ರಲ್ಲಿ ಅಮೆರಿಕದ ಜೆನ್ನಾ ಜ್ಯಾಂಬೆಕ್ ಮತ್ತು ಅವರ ಸಂಗಡಿಗರು, 2010ರ ಒಂದೇ ವರ್ಷದಲ್ಲಿ 48 ಲಕ್ಷದಿಂದ 127 ಲಕ್ಷ ಟನ್ ಪ್ಲಾಸ್ಟಿಕ್ ನೆಲದಿಂದ ಸಮುದ್ರಕ್ಕೆ ಸೇರಿರಬೇಕೆಂದು ಅಂದಾಜಿಸಿದರು. ಇಂದಿಗೂ ಎಲ್ಲೆಡೆ ಉದ್ಧೃತವಾಗುವ ಅಂಕಿ ಅದು. ಆದರೆ ಅವರು ಗಣನೆಗೆ ತೆಗೆದುಕೊಂಡದ್ದು ಕರಾವಳಿಯಿಂದ 50 ಕಿಲೋಮೀಟರ್ ಒಳಗಿನ ಜನರ ಕಸವನ್ನು ಮಾತ್ರ. 2021ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು ನದಿಗಳ ಬಗೆಗೇ ಮಾಡಿದ್ದು. ಸಾವಿರಕ್ಕೂ ಹೆಚ್ಚು ನದಿಗಳು ಸೇರಿ ನದಿಮೂಲಕ ಕಡಲಿಗೆ ಬೀಳುವ ಪ್ಲಾಸ್ಟಿಕ್ಕಿನ ನೂರಕ್ಕೆ ಎಂಬತ್ತರಷ್ಟನ್ನು ಒಯ್ಯುತ್ತವೆ. ಅವುಗಳಲ್ಲಿ ಮುಖ್ಯವಾದವು ಕರಾವಳಿಯ ನಗರಗಳ ನಡುವೆ ಹರಿಯುವ ಸಣ್ಣ ನದಿಗಳು. ಒಳನಾಡಿನ ಕಸದ ಬಹುಪಾಲು ದಾರಿಯಲ್ಲೇ ಉಳಿದುಬಿಡುತ್ತದೆ ಎಂಬುದು ಅದರ ತಾತ್ಪರ್ಯ.

ಇದನ್ನು ಕೇಳಿ ಸಮಾಧಾನಪಟ್ಟುಕೊಳ್ಳುವವರು ಇರಬಹುದು. ನನಗಂತೂ ಇದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿಲ್ಲ. ಪಿನಾಕಿನಿ ವರ್ಷದಲ್ಲಿ ಎಷ್ಟು ದಿನ ಹರಿಯುತ್ತದೆಂಬುದು ನಮಗೆಲ್ಲ ಗೊತ್ತು. ಹರಿದಾಗಲೂ ಮೊದಲು ಸಿಗುವುದು ನಮ್ಮದೇ ಕೆರೆಗಳ ಸರಪಳಿ. ಅದನ್ನು ದಾಟಿದರೆ ಪೇರೂರು ಅಣೆಕಟ್ಟು, ಮುಂದೆ ಗಂಡಿಕೋಟ, ಮೈಲವರಂ, ಸೋಮಶಿಲೆ. ಎಲ್ಲ ತಡೆಗಳನ್ನೂ ದಾಟಿ ಕಡಲು ಸೇರುವ ಚೂರು ಸ್ವಲ್ಪ, ಉಳಿಯುವುದು ಬಹಳ. ಅಂದು ಕೋಡಿಯಲ್ಲಿ ಹೊರಟ ಕಸದ ಜಾಡು ಹಿಡಿದು ಮರುದಿನ ಹಳ್ಳದ ಗುಂಟ ನಡೆದಾಗ, ಎರಡು ಫರ್ಲಾಂಗಿನೊಳಗೇ ಜಾಲಿಗಿಡಗಳ ಎದೆಯೆತ್ತರಕ್ಕೆ ಬಣ್ಣಬಣ್ಣದ ಕವರುಗಳು ತೂಗಾಡುತ್ತಿದ್ದುದನ್ನು ಕಂಡೆ. ನೀರು ಎಷ್ಟು ಎತ್ತರಕ್ಕೆ ಬಂದಿತ್ತೆಂದು ತಿಳಿಯಲು ಬೇರೆ ಗುರುತೇ ಬೇಕಿರಲಿಲ್ಲ. ಕಡಲಿಲ್ಲದ ನಮಗೆ ಕೆರೆಯೇ ಕಡಲು. ಕಡಲಿಗೆ ಆಗುತ್ತಿರುವುದೆಲ್ಲವೂ ಇಲ್ಲಿ ಚಿಕ್ಕ ಪ್ರಮಾಣದಲ್ಲಿ, ನಮ್ಮ ಕಣ್ಣೆದುರಿಗೇ ಆಗುತ್ತಿದೆ. ಕಡಲಾಮೆಯ ಜಾಗದಲ್ಲಿ ನಮ್ಮ ಹಸು ಇದೆ, ಅಷ್ಟೇ ವ್ಯತ್ಯಾಸ.

ಈ ಮಾತನ್ನು ಬರಿಯ ಉಪಮೆಯಾಗಿ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿಯೇ ನಾಲ್ಕನೆಯ ಕರುವಿನ ಗಬ್ಬದಲ್ಲಿದ್ದ ಹಸುವೊಂದು ಮೇವು ಬಿಟ್ಟು, ಹೊಟ್ಟೆ ಉಬ್ಬರಿಸಿ, ವಾರದೊಳಗೆ ಸತ್ತಿತು. ಕೊಯ್ದು ನೋಡಿದಾಗ ಹೊಟ್ಟೆಯಿಂದ ಹೊರಬಂದ ಗಂಟನ್ನು ನನ್ನ ತಾಯಿ ನೋಡಲಾರದೆ ಒಳಗೆ ಹೋದರು. ಉಳಿದ ಅನ್ನ, ತರಕಾರಿ ಸಿಪ್ಪೆಗಳನ್ನು ಕವರಿನಲ್ಲಿ ಕಟ್ಟಿ ಬೀದಿಗೆ ಎಸೆಯುವ ಅಭ್ಯಾಸ ನಮ್ಮ ಬೀದಿಯಲ್ಲಿಯೂ ಇತ್ತು, ನಮ್ಮ ಮನೆಯಲ್ಲಿಯೂ ಇತ್ತು. ಹಸುವಿಗೆ ಗಂಟು ಬಿಚ್ಚಲು ಬರುವುದಿಲ್ಲ. ಅನ್ನದ ವಾಸನೆಗೆ ಕವರನ್ನೂ ಸೇರಿಸಿ ನುಂಗುತ್ತದೆ. ನಾವೇ ಕಟ್ಟಿದ ಗಂಟಿನಿಂದ ನಮ್ಮ ಹಸು ಸತ್ತಿತೆಂಬುದನ್ನು ಒಪ್ಪಿಕೊಳ್ಳಲು ನಮಗೆ ಬಹಳ ದಿನ ಬೇಕಾಯಿತು.

ಕೆರೆಗೆ ಎಸೆಯದವರು ಸುಡುತ್ತಾರೆ. ಬೆಳಗಿನ ಜಾವ ಬಚ್ಚಲ ಒಲೆ ಹೊತ್ತಿಸಲು ಸೀಮೆಎಣ್ಣೆ ಸಿಗದ ಮೇಲೆ ಹಾಲಿನ ಪ್ಯಾಕೆಟ್ಟು, ಚಿಪ್ಸಿನ ಚೀಟಿ, ಹರಿದ ಪೈಪಿನ ತುಂಡು ಆ ಸ್ಥಾನಕ್ಕೆ ಬಂದಿವೆ. ಪಿವಿಸಿ ಪೈಪು ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಒಲೆಯ ಮುಂದೆ ಊದುಗೊಳವೆ ಹಿಡಿದು ಕೂರುವವರು ಮನೆಯ ಹೆಂಗಸರು, ಅವರ ಬೆನ್ನಿಗೆ ಅಂಟಿಕೊಂಡ ಮಕ್ಕಳು. ಇಷ್ಟು ಹೇಳಿದರೆ ಸಾಕೆಂದುಕೊಂಡಿದ್ದೇನೆ.

ಇನ್ನು ಮೇಲಿನಿಂದ ನಮ್ಮ ಕಡೆಗೆ ಬರುವುದೂ ಉಂಟು. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಚಿಕ್ಕಬಳ್ಳಾಪುರದ ಕಂದವಾರ ಕೆರೆಯೂ ಸೇರಿದಂತೆ 65 ಕೆರೆಗಳಿಗೆ ತುಂಬಿಸುವುದೆಂದು ಗೊತ್ತುಮಾಡಲಾಯಿತು. ಮೂರನೆಯ ಹಂತದ ಸಂಸ್ಕರಣೆಯೂ ಆಗಲೇಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಹಟ ಹಿಡಿದಿರುವುದು ನಿಮಗೆ ತಿಳಿದಿದೆ. ಆ ಚರ್ಚೆಯಲ್ಲಿ ಭಾರಲೋಹಗಳ ಮಾತು ಬಂದಷ್ಟು ಪ್ಲಾಸ್ಟಿಕ್ಕಿನ ಮಾತು ಬಂದಿಲ್ಲ. ಪಾಲಿಯೆಸ್ಟರ್ ಸೀರೆ, ಅಂಗಿಗಳನ್ನು ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ಉದುರುತ್ತವೆ. ಎರಡು ಹಂತದ ಸಂಸ್ಕರಣೆಯಲ್ಲಿ ಅವುಗಳ ಬಹುಪಾಲು ರೊಚ್ಚಿನಲ್ಲಿ ಕೂಡುತ್ತದೆ, ಅತಿ ಸಣ್ಣವು ನೀರಿನೊಡನೆ ಸಾಗುತ್ತವೆ. 2004ರಲ್ಲಿ ಇಂಗ್ಲೆಂಡಿನ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಕಡಲ ದಡದ ಮರಳಿನಲ್ಲಿ ಇಂತಹ ಚೂರುಗಳನ್ನು ಹುಡುಕಿ ತೆಗೆದು ಮೈಕ್ರೋಪ್ಲಾಸ್ಟಿಕ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. 2022ರಲ್ಲಿ ನೆದರ್‌ಲೆಂಡ್ಸಿನ ಸಂಶೋಧಕರು ರಕ್ತ ಕೊಟ್ಟ 22 ಮಂದಿಯಲ್ಲಿ 17 ಮಂದಿಯ ರಕ್ತದಲ್ಲಿಯೇ ಪ್ಲಾಸ್ಟಿಕ್ ಕಣಗಳನ್ನು ಕಂಡರು. ಬೆಂಗಳೂರು ನಮಗೆ ಕಳುಹಿಸುವ ನೀರಿನಲ್ಲಿ ಈ ಎಳೆಗಳನ್ನೂ ಅಳೆಯಬೇಕೆಂದು ಕೇಳುವ ಹಕ್ಕು ನಮಗಿದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಕುಳಿತ ವಿಷಯಕ್ಕೆ ಬರುತ್ತೇನೆ. ಅದನ್ನು ನಾವು ಕಸವೆಂದು ಕರೆಯುವುದೇ ಇಲ್ಲ. ಅದಕ್ಕೆ ನಮ್ಮ ರೈತರಿಟ್ಟ ಹೆಸರು 'ಮಲ್ಚಿಂಗ್ ಪೇಪರ್'. ಪೇಪರ್ ಎಂದು ಕರೆದ ಮಾತ್ರಕ್ಕೆ ಅದು ಕಾಗದವಾಗುವುದಿಲ್ಲ, ಅಪ್ಪಟ ಪಾಲಿಥೀನ್. ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ಹೂವು, ಗೌರಿಬಿದನೂರಿನ ಮೆಣಸಿನಕಾಯಿ, ಕ್ಯಾಪ್ಸಿಕಂ, ಯಾವ ತೋಟಕ್ಕೆ ಹೋದರೂ ಏರುಮಡಿಗಳ ಮೇಲೆ ಮೇಲ್ಗಡೆ ಬೆಳ್ಳಿಬಣ್ಣ, ಒಳಗಡೆ ಕಪ್ಪು ಬಣ್ಣದ ಈ ಹಾಳೆ ಹೊಳೆಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬೆಟ್ಟದ ಮೇಲಿಂದ ನೋಡಿದರೆ ಕೆರೆಗಳು ತುಂಬಿವೆಯೇನೋ ಎಂಬ ಭ್ರಮೆ ಹುಟ್ಟುತ್ತದೆ.

ರೈತರನ್ನು ದೂರುವುದು ನನ್ನ ಉದ್ದೇಶವಲ್ಲ. ನಾನೂ ಎರಡು ಬೆಳೆಗೆ ಹಾಸಿದವನೇ. ಹಾಳೆ ಹಾಸಿದರೆ ತೇವ ಆರುವುದಿಲ್ಲ, ಕಳೆ ಏಳುವುದಿಲ್ಲ, ಕಳೆ ಕೀಳುವ ಕೂಲಿ ಉಳಿಯುತ್ತದೆ. ಒಂದಿಂಚು ನೀರು ಬರುವ ಕೊಳವೆಬಾವಿಯವನಿಗೆ ಅದು ಬೆಳೆಗೂ ಸಾಲಕ್ಕೂ ನಡುವಿನ ವ್ಯತ್ಯಾಸ. ತೋಟಗಾರಿಕೆ ಇಲಾಖೆಯ ಯೋಜನೆಗಳಲ್ಲಿ ಅದಕ್ಕೆ ಸಹಾಯಧನವೂ ಉಂಟು. ಆದರೆ ಲೆಕ್ಕವನ್ನು ಕೊಂಚ ಗಮನಿಸೋಣ. 400 ಮೀಟರ್ ಉದ್ದ, ನಾಲ್ಕು ಅಡಿ ಅಗಲ, 25 ಮೈಕ್ರಾನ್ ದಪ್ಪದ ಒಂದು ರೋಲು ಸುಮಾರು 11 ಕಿಲೋ ತೂಗುತ್ತದೆ. ಎಕರೆಗೆ ಐದಾರು ರೋಲು ಬೇಕು, ಅಂದರೆ ಹತ್ತಿರ ಹತ್ತಿರ 60 ಕಿಲೋ. ಐದು ಗ್ರಾಮಿನ ಕವರಿಗೆ ಹೋಲಿಸಿದರೆ 12,000 ಕವರುಗಳಾದವು. ದಿನಕ್ಕೊಂದು ಕವರು ತರುವ ಮನೆಯವರು ಮೂವತ್ತೆರಡು ವರ್ಷಕ್ಕೂ ಮೇಲೆ ತಂದರೆ ಆಗುವಷ್ಟು ಪ್ಲಾಸ್ಟಿಕ್ಕನ್ನು ನಾವು ಒಂದು ಎಕರೆಗೆ, ಒಂದೆರಡು ಬೆಳೆಗಾಗಿ ಹಾಸುತ್ತೇವೆ.

ಇನ್ನೊಂದು ವಿಚಿತ್ರ. ಕೇಂದ್ರ ಸರ್ಕಾರದ ನಿಯಮದಂತೆ 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಕೈಚೀಲ ನಿಷಿದ್ಧ. ನಮ್ಮ ರಾಜ್ಯವಂತೂ 2016ರ ಮಾರ್ಚ್ 11ರಂದೇ ಪ್ಲಾಸ್ಟಿಕ್ ಕೈಚೀಲವನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿತು. ಮಣ್ಣಿನ ಮೇಲೆ ಹಾಸುವ ಹಾಳೆಯ ದಪ್ಪ ಮಾತ್ರ ಆ ನಿಷೇಧದ ಮಿತಿಯ ಐದನೆಯ ಒಂದು ಭಾಗ! ಕೈಯಲ್ಲಿ ಹಿಡಿಯಬಾರದಷ್ಟು ತೆಳುವಾದದ್ದನ್ನು ಹೊಲಕ್ಕೆ ಹಾಸಬಹುದು. ತೆಳು ಹಾಳೆ ಬೆಳೆ ಮುಗಿಯುವ ಹೊತ್ತಿಗೆ ಬಿಸಿಲಿಗೆ ಜೀರ್ಣವಾಗಿ, ಎಳೆದರೆ ಕೈಗೆ ಅಂಗೈಯಗಲ ಬರುತ್ತದೆ, ಉಳಿದದ್ದು ಮಣ್ಣಿನಲ್ಲೇ ಕೂರುತ್ತದೆ. ಅದನ್ನು ಆರಿಸಲು ಕೂಲಿ ಕೊಟ್ಟರೆ ಲಾಭ ಉಳಿಯದು. ಮಣ್ಣು ಮೆತ್ತಿದ ಹಾಳೆಯನ್ನು ಗುಜರಿಯವರು ಮುಟ್ಟುವುದಿಲ್ಲ. ಹೀಗಾಗಿ ಬದುವಿನ ಮೇಲೆ ರಾಶಿ ಹಾಕಿ ಬೆಂಕಿ ಇಡುವುದು, ಇಲ್ಲವೇ ಟ್ರಾಕ್ಟರಿನಲ್ಲಿ ಉತ್ತು ಮುಚ್ಚುವುದು. ಚೀನಾದ ಷಿನ್‌ಜಿಯಾಂಗ್ ಪ್ರಾಂತದ ಹತ್ತಿ ಹೊಲಗಳಲ್ಲಿ ದಶಕಗಳ ಕಾಲ ಇದನ್ನೇ ಮಾಡಿ, ಬೇರು ಇಳಿಯದಷ್ಟು, ನೀರು ಇಂಗದಷ್ಟು ಚೂರುಗಳು ಮಣ್ಣಿನಲ್ಲಿ ತುಂಬಿದ ಮೇಲೆ ಅಲ್ಲಿನ ಸರ್ಕಾರ ಹಾಳೆಯ ಕನಿಷ್ಠ ದಪ್ಪವನ್ನು ಹೆಚ್ಚಿಸಿ, ಬೆಳೆಯ ನಂತರ ಹಿಂದೆ ಪಡೆಯುವ ಏರ್ಪಾಟಿಗೆ ಕೈಹಾಕಿತು. 2021ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೊರತಂದ ವರದಿಯ ಪ್ರಕಾರ ಜಗತ್ತಿನ ಬೇಸಾಯ ಮತ್ತು ಪಶುಪಾಲನೆಗಳು 2019ರಲ್ಲಿ ಬಳಸಿದ ಪ್ಲಾಸ್ಟಿಕ್ 125 ಲಕ್ಷ ಟನ್. ಕಡಲಿನ ಪ್ಲಾಸ್ಟಿಕ್ಕಿನ ಬಗ್ಗೆ ಮರುಗುವ ಜಗತ್ತು ಹೊಲದ ಪ್ಲಾಸ್ಟಿಕ್ಕಿನ ಕಡೆ ಈಗಷ್ಟೇ ಕಣ್ಣು ಹಾಯಿಸುತ್ತಿದೆ.

ನಮ್ಮ ಶಾಲಾ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ಎರಡು ಮೂರು ವರ್ಷ ಹಾಳೆ ಹಾಸಿದ ಹೊಲದಲ್ಲಿ ಒಂದಡಿ ಚೌಕ ಗುರುತು ಮಾಡಿ, ಅರ್ಧ ಅಡಿ ಆಳಕ್ಕೆ ಮಣ್ಣು ತೆಗೆದು, ಒಣಗಿಸಿ, ಮನೆಯ ಜರಡಿಯಲ್ಲಿ ಜಾಲಿಸಿರಿ. ಸಿಕ್ಕ ಚೂರುಗಳನ್ನು ಎಣಿಸಿ ಬರೆದಿಡಿರಿ. ಹಾಸದ ಹೊಲದಲ್ಲಿಯೂ ಹಾಗೆಯೇ ಮಾಡಿರಿ. ನಾನು ನನ್ನ ಹೊಲದಲ್ಲಿ ಮಾಡಿ ನೋಡಿದೆ. ಬೊಗಸೆ ತುಂಬಿದ ಆ ಬೆಳ್ಳಿಚೂರುಗಳನ್ನು ಒಂದು ಗಾಜಿನ ಭರಣಿಯಲ್ಲಿ ಹಾಕಿ ಕಿಟಕಿಯಲ್ಲಿಟ್ಟಿದ್ದೇನೆ. ಮನೆಗೆ ಬಂದವರು ಅದು ಏನೆಂದು ಕೇಳುತ್ತಾರೆ.

(ಪ್ರಸಂಗವಶಾತ್ ಒಂದು ಮಾತು. ಶಿಡ್ಲಘಟ್ಟದ ಕಡೆ ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುತ್ತಿದ್ದುದು ಬಿದಿರಿನ ಚಂದ್ರಿಕೆಗಳಲ್ಲಿ. ಅವುಗಳ ಜಾಗಕ್ಕೆ ಪ್ಲಾಸ್ಟಿಕ್ಕಿನ ನೇತ್ರಿಕೆಗಳು ಬಂದಿವೆ. ಹಗುರ, ತೊಳೆಯಲು ಸುಲಭ, ಅಲ್ಲಗಳೆಯುವಂತಿಲ್ಲ. ಆದರೆ ಚಂದ್ರಿಕೆ ಹೆಣೆಯುತ್ತಿದ್ದ ಮೇದರ ಮನೆಗಳ ಒಲೆ ಆರಿದ್ದನ್ನೂ, ಮುರಿದ ಚಂದ್ರಿಕೆ ಗೊಬ್ಬರದ ಗುಂಡಿಗೆ ಹೋಗುತ್ತಿದ್ದುದನ್ನೂ ನೆನೆಯುವವರು ಕಡಿಮೆ.)

ಕಾನೂನಿನ ಬಗ್ಗೆ ಹೆಚ್ಚು ಬರೆಯಲಾರೆ. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಸ್ಟ್ರಾ, ಥರ್ಮಾಕೋಲ್ ಅಲಂಕಾರ ಎಲ್ಲವೂ ನಿಷಿದ್ಧ. ನಮ್ಮ ರಾಜ್ಯದಲ್ಲಿ ಫ್ಲೆಕ್ಸ್ ಕೂಡ 2016ರಿಂದ ನಿಷಿದ್ಧ. ನಿಷೇಧದ ಜಾಗೃತಿ ಸಭೆಗೆ ಫ್ಲೆಕ್ಸ್ ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ಜಗತ್ತಿನ ರಾಷ್ಟ್ರಗಳೆಲ್ಲ ಸೇರಿ ಪ್ಲಾಸ್ಟಿಕ್ ಒಪ್ಪಂದವೊಂದನ್ನು ಮಾಡಲು 2022ರಲ್ಲಿ ಸಂಕಲ್ಪಿಸಿದವು. 2024ರ ಕೊನೆಗೆ ಬೂಸಾನಿನಲ್ಲಿ, 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಕೂಡಿ ಕುಳಿತರೂ ಒಮ್ಮತವಾಗದೆ ಎದ್ದವು. ಅವರು ಒಪ್ಪುವವರೆಗೆ ನಮ್ಮ ಕೆರೆ ಕಾಯಲಾರದು.

ಮನೆಯ ಮಟ್ಟದಲ್ಲಿ ಮಾಡಬಹುದಾದದ್ದು ನಮಗೆ ಹೊಸದೇನೂ ಅಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಮದುವೆ ಮನೆಯ ಊಟ ಮುತ್ತುಗದೆಲೆಯ ಮೇಲೆ, ನೀರು ಹಿತ್ತಾಳೆ ಅಥವಾ ಸ್ಟೀಲಿನ ಲೋಟದಲ್ಲಿ. ಊರಿಗೊಂದು ನೂರಿನ್ನೂರು ಲೋಟ, ತಟ್ಟೆಗಳನ್ನು ದೇವಸ್ಥಾನದಲ್ಲೋ ಸ್ತ್ರೀಶಕ್ತಿ ಸಂಘದಲ್ಲೋ ಕೊಂಡಿಟ್ಟು, ಬಳಸಿದವರಿಂದ ತೊಳೆದು ಕೊಡುವ ಕರಾರಿನಲ್ಲಿ ಅಲ್ಪ ಬಾಡಿಗೆ ಪಡೆಯಬಹುದು. ಎರಡೇ ಮದುವೆಗಳ ಬಾಟಲಿ ನೀರಿನ ಖರ್ಚು ಇದಕ್ಕೆ ಸಾಕಾದೀತು. ವಿದುರಾಶ್ವತ್ಥಕ್ಕೆ ನಾಗಪೂಜೆಗೆ ಹೋಗುವವರು ಅರಿಶಿನ, ಹಾಲು, ಹೂವನ್ನು ಡಬ್ಬಿ, ಬಟ್ಟೆಚೀಲಗಳಲ್ಲಿ ಒಯ್ದರೆ ನಾಗರಕಲ್ಲುಗಳ ನಡುವೆ ಕವರು ಸಿಕ್ಕಿಕೊಳ್ಳುವುದಿಲ್ಲ. ಹಾಲಿನ ಪ್ಯಾಕೆಟ್ಟನ್ನು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡರಿಸದೆ ಅಂಟಿಕೊಂಡಿರುವಂತೆ ಬಿಡಿ. ಬೇರೆಯಾದ ಆ ಉಗುರಿನಷ್ಟು ಚೂರನ್ನು ಯಾವ ಗುಜರಿಯವನೂ ಆರಿಸಲಾರ, ಪ್ಯಾಕೆಟ್ಟನ್ನಾದರೆ ಕೊಳ್ಳುತ್ತಾನೆ. ಬೆಳಿಗ್ಗೆ ಡೇರಿಗೆ ಕ್ಯಾನಿನಲ್ಲಿ ಹಾಲು ಹಾಕಿ ಬಂದು, ಸಂಜೆ ಅಂಗಡಿಯಿಂದ ಮೊಸರಿನ ಪ್ಯಾಕೆಟ್ಟು ತರುವ ಮನೆಗಳಂತೂ ನಮ್ಮಲ್ಲಿ ಹೆಚ್ಚುತ್ತಿವೆ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ಆದರೆ ಮಲ್ಚಿಂಗ್ ಹಾಳೆಯ ಪ್ರಶ್ನೆ ಒಂದು ಮನೆಯಿಂದ ಬಗೆಹರಿಯುವಂಥದ್ದಲ್ಲ. ಅದಕ್ಕೆ ಪಂಚಾಯಿತಿ ಬೇಕು. ಸ್ವಚ್ಛ ಭಾರತ ಯೋಜನೆಯಲ್ಲಿ ಕಸ ವಿಲೇವಾರಿ ಘಟಕಗಳು ಎದ್ದಿವೆ, ಹೆಣ್ಣುಮಕ್ಕಳು ಸ್ವಚ್ಛ ವಾಹಿನಿ ಗಾಡಿಗಳನ್ನು ಓಡಿಸುತ್ತಿದ್ದಾರೆ. ಅವರ ಶ್ರಮಕ್ಕೆ ನಮಸ್ಕಾರ. ಆದರೆ ಆ ಗಾಡಿ ಬೀದಿಗೆ ಬರುತ್ತದೆ, ಹೊಲಕ್ಕೆ ಬರುವುದಿಲ್ಲ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ 2021ರಲ್ಲಿ ಆರಂಭವಾದ ಘಟಕವು ಹತ್ತಾರು ಪಂಚಾಯಿತಿಗಳ ಒಣ ಕಸವನ್ನು ಒಂದೆಡೆ ತಂದು, ದಿನಕ್ಕೆ 10 ಟನ್ನಿನವರೆಗೆ ಬೇರ್ಪಡಿಸಿ ಮಾರುವ ಶಕ್ತಿಯುಳ್ಳದ್ದು. ಒಂದು ಪಂಚಾಯಿತಿಗೆ ನಷ್ಟವಾಗುವ ಕೆಲಸ ಹತ್ತಾರು ಕೂಡಿದರೆ ನಡೆಯುತ್ತದೆ. ಕಡಲ ಮಗ್ಗುಲಲ್ಲಿರುವ ಅವರಿಗೆ ಸಾಧ್ಯವಾದದ್ದು ನದಿಗಳ ತಲೆಯ ಮೇಲೆ ಕುಳಿತ ನಮಗೇಕೆ ಸಾಧ್ಯವಾಗಬಾರದು? 2016ರ ನಿಯಮಗಳು ಪ್ಲಾಸ್ಟಿಕ್ಕಿನಲ್ಲಿ ಸರಕು ತುಂಬಿ ಮಾರುವವರ ಮೇಲೆ ಅದನ್ನು ಹಿಂದೆ ಪಡೆಯುವ ಹೊಣೆ ಹೊರಿಸಿವೆ. ಹೊಲದ ಹಾಳೆಯ ತಯಾರಕರ ಮೇಲೂ ಅದೇ ಹೊಣೆ ಏಕೆ ಬೀಳಬಾರದು ಎಂಬುದು ನಮ್ಮ ಪ್ರಶ್ನೆ.

ಕಳೆದ ಗ್ರಾಮ ಸಭೆಗೆ ನಾವು ಹದಿನಾಲ್ಕು ಮಂದಿ ರೈತರು ಸಹಿ ಹಾಕಿ ಒಂದು ಅರ್ಜಿ ಕೊಟ್ಟೆವು. ಸಹಾಯಧನ ಕೊಡುವಾಗಲೇ ಕಿತ್ತು ತೆಗೆಯಲು ಬರುವಷ್ಟು ದಪ್ಪದ ಹಾಳೆಗೆ ಮಾತ್ರ ಕೊಡಬೇಕು. ಬೆಳೆ ಮುಗಿದ ಮೇಲೆ ಹಳೆಯ ಹಾಳೆಯನ್ನು ತೂಕ ಮಾಡಿ ಒಪ್ಪಿಸಿದವರಿಗೆ ಕಿಲೋಗಿಷ್ಟು ಎಂದು ಹಣ ಸಿಗಬೇಕು. ಒಪ್ಪಿಸಲು ಹೋಬಳಿಗೊಂದು ಜಾಗ ಬೇಕು. ಕೇಳಿದ್ದು ಇಷ್ಟೇ. ಅಧಿಕಾರಿಗಳು ಓದಿದರು, ತಲೆಯಾಡಿಸಿದರು, ಆಮೇಲೆ "ಇದು ತೋಟಗಾರಿಕೆಗೆ ಬರುತ್ತದೋ, ಪಂಚಾಯಿತಿಗೆ ಬರುತ್ತದೋ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರುತ್ತದೋ?" ಎಂದು ನಮ್ಮನ್ನೇ ಕೇಳಿದರು. ಅರ್ಜಿಯ ಮೂರು ಪ್ರತಿಗಳನ್ನು ಮಾಡಿ ಮೂರು ಕಚೇರಿಗಳಿಗೂ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ನಿಮ್ಮೂರಿನಿಂದಲೂ ಅಂತಹದೇ ಒಂದು ಅರ್ಜಿ ಹೋಗುವುದಾದರೆ, ನಕಲು ಪ್ರತಿಯನ್ನು ಈ ಪತ್ರಿಕೆಯ ಗೆಳೆಯರ ಬಳಿ ಇಟ್ಟಿದ್ದೇನೆ, ಕೇಳಿ ಪಡೆಯಬಹುದು.